ಹುಲ್ಲಿನ ತಲೆಯ ಮೇಲೆ ಗಿಡ

(ಪುಣೆಯಲ್ಲಿ ಕನ್ನಡದವರು ಸೇರುವ ಕೂಟವೊಂದರಲ್ಲಿ ಒಂದು ಭಾನುವಾರ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೈಕು ಕೈಕೊಟ್ಟ ಐದು ನಿಮಿಷ, ಚಹಾ ಬಂದು ಮಾತು ನಿಂತ ಹತ್ತು ನಿಮಿಷ ಇಲ್ಲಿಲ್ಲ.)

ನಮ್ಮ ಕಡೆ ಮರಕ್ಕೆ ಮರ ಅನ್ನುವುದಿಲ್ಲ. ಇಂಡಿ, ಸಿಂದಗಿ, ಜತ್ತದ ಕಡೆಯವರು ಆಗಲೇ ನಗುತ್ತಿದ್ದೀರಿ. ನಮಗೆ ಮರ ಅಂದರೆ ಜೋಳ ಹಸನು ಮಾಡುವ ಮೊರ. ಬೇರು ಬಿಟ್ಟು ನಿಂತದ್ದೆಲ್ಲ ಗಿಡವೇ. ನೂರು ವರ್ಷದ ಹುಣಸೆಯೂ ಗಿಡ, ನಿನ್ನೆ ಹಚ್ಚಿದ ತುಳಸಿಯೂ ಗಿಡ. ಮೈಸೂರಿನ ಗೆಳೆಯರು ಇದನ್ನು ಹಿಡಿದು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ನೆಲಕ್ಕೆ ಹೆಸರಿಡುವಾಗ ಮಾತ್ರ ನಮ್ಮ ಮಂದಿಗೆ ಈ ಬಡತನ ಇರಲಿಲ್ಲ. ಎರೆ, ಮಸಾರಿ, ಕಲ್ಲುದಿಬ್ಬದ ಮರಡಿ, ಬೀಳು, ಕಾವಲು, ಊರ ದನಕುರಿ ಮೇಯುವ ಗಾಯರಾಣ, ಅಡವಿ. ನಮ್ಮ ಅವ್ವ "ಅಡವಿಗೆ ಹೋಗಿ ಬರ್ತೀನಿ" ಅಂದರೆ ಹುಲಿಯಿರುವ ಕಾಡಿಗೆ ಹೊರಟಳು ಎಂದಲ್ಲ. ಊರ ಹೊರಗಿನ ಬಯಲಿಗೆ, ಹೊಲದ ಆಚೆಗೆ. ಅಲ್ಲಿ ಹುಲ್ಲು, ಕಂಟಿ, ದೂರದೂರಕ್ಕೆ ಒಂದೊಂದು ಜಾಲಿ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇವತ್ತಿನ ವಿಷಯ, ದನಕುರಿ ಮೇಯುವ ನೆಲದಲ್ಲಿ ದೇಸಿ ಗಿಡ ಹಚ್ಚಿ ಗಾಳಿಯ ಇಂಗಾಲ ಹಿಡಿಯುವುದು, ಜೊತೆಗೆ ಜೀವವೈವಿಧ್ಯ ಉಳಿಸುವುದು. "ನೀವು ಗಿಡದ ಮನುಷ್ಯ, ನಾಲ್ಕು ಒಳ್ಳೆಯ ಮಾತು ಹೇಳಿ" ಎಂದು ಕರೆದಿದ್ದಾರೆ. ನಾಲ್ಕರಲ್ಲಿ ಮೂರು ಸ್ವಲ್ಪ ಕಹಿ ಇರಬಹುದು. ನಾನು ಸಸ್ಯಶಾಸ್ತ್ರ ಓದಿದವನಲ್ಲ. ಭೋಸರಿಯಲ್ಲಿ ಮೂವತ್ತೊಂದು ವರ್ಷ ಲೇಥು, ಮಿಲ್ಲಿಂಗ್ ಯಂತ್ರಗಳ ನಡುವೆ ಕಳೆದವನು. ಅಳತೆ ತಪ್ಪಿದರೆ ಮಾಲು ವಾಪಸ್ ಬರುತ್ತದೆ, ಅದೊಂದು ಗೊತ್ತು. ಗಿಡದ ವ್ಯವಹಾರದಲ್ಲಿ ಮಾಲು ವಾಪಸ್ ಬರುವುದಿಲ್ಲ. ಹಚ್ಚಿದವರು ಫೋಟೋ ತೆಗೆಸಿಕೊಂಡು ಹೋಗಿರುತ್ತಾರೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ, ಜುಲೈ ತಿಂಗಳು. ಎರಡು ಬಸ್ಸು ತುಂಬ ನಾವು, ಒಂದೇ ಬಣ್ಣದ ಟೀ-ಶರ್ಟು, ಪೊಟ್ಟಣದಲ್ಲಿ ವಡಾಪಾವ್. ದಿವೆ ಘಾಟ ಹತ್ತಿ ಸಾಸವಡ ದಾಟಿ ಜೇಜುರಿಯ ಕಡೆ ಒಂದು ಮಾಳಕ್ಕೆ ಕರೆದೊಯ್ದರು. ಮರಾಠಿಯಲ್ಲಿ ಮಾಳರಾನ, ನಮ್ಮ ಗೋಮಾಳದ ಮಾಳವೇ. ನಮಗಿಂತ ಮುಂಚೆ ಜೆಸಿಬಿ ಬಂದು ಹೋಗಿತ್ತು. ಗುಡ್ಡದ ಮೈಗುಂಟ ಉದ್ದುದ್ದ ಚರ ತೋಡಿ, ಕೆಂಪು ಮುರುಮು ಮೇಲೆ ಬಂದು ಬಿದ್ದಿತ್ತು. ಗುತ್ತಿಗೆಯವನು ತಂದದ್ದು ಬಹುಪಾಲು ಗ್ಲಿರಿಸಿಡಿಯಾ. ನಾವು ನಾಲ್ಕೈದು ಜನ ಹಟ ಹಿಡಿದು ದೇಸಿ ಸಸಿಯೂ ಬೇಕೆಂದು ನೇರಳೆ, ಅರಳಿ, ಹೊಂಗೆ ತರಿಸಿದ್ದೆವು. ಆ ದಿನ ಸಂಜೆ ಮನೆಗೆ ಬಂದಾಗ ನನ್ನ ಎದೆ ಎರಡು ಇಂಚು ಉಬ್ಬಿತ್ತು.

ಮುಂದಿನ ಮೇ ತಿಂಗಳಲ್ಲಿ ನೋಡಲು ಹೋದರೆ ನಮ್ಮ ದೇಸಿ ಗಿಡಗಳು ಊದಿನಕಡ್ಡಿಯಾಗಿದ್ದವು. ನೂರಕ್ಕೆ ಹತ್ತೂ ಉಳಿದಿರಲಿಲ್ಲ. ಉಳಿದಿದ್ದು ಗ್ಲಿರಿಸಿಡಿಯಾ. ಅದು ಮಧ್ಯ ಅಮೆರಿಕದಿಂದ ಬಂದ ಗಿಡ, ಲ್ಯಾಟಿನ್ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಎಂದು. ನಮ್ಮ ಪುಣೆಯ ವೇತಾಳ ಟೇಕಡಿ ಗುಡ್ಡಕ್ಕೆ ಬೆಳಗಿನ ವಾಕಿಂಗ್ ಹೋಗುವವರು ಅದನ್ನು ದಿನಾ ನೋಡುತ್ತೀರಿ, ಫೆಬ್ರವರಿಯಲ್ಲಿ ಎಲೆ ಉದುರಿ ತಿಳಿಗುಲಾಬಿ ಹೂ ಬಿಡುತ್ತದಲ್ಲ, ಅದೇ. ನೋಡಲು ಚೆಂದವೇ. ಒಳಗೆ ಹೊಕ್ಕು ನೋಡಿದರೆ ಬುಡದಲ್ಲಿ ಹುಲ್ಲು ಇರುವುದಿಲ್ಲ, ಮೇಲೆ ಗೂಡು ಇರುವುದು ಅಪರೂಪ.

ನೇರಳೆ ಯಾಕೆ ಸತ್ತಿತು? ನೇರಳೆ ನಮ್ಮ ದೇಶದ್ದೇ, ಅದರಲ್ಲಿ ಸಂಶಯವಿಲ್ಲ. ಆದರೆ ಅದು ಹಳ್ಳದ ದಂಡೆಯ ಗಿಡ, ಮಳೆ ಹೆಚ್ಚಿರುವ ಕಾಡಿನ ಗಿಡ. ಅದನ್ನು ಒಯ್ದು ಅರ್ಧ ಅಡಿ ಮಣ್ಣಿನ ಕೆಳಗೆ ಬರೀ ಕಲ್ಲಿರುವ ಮರಡಿಯ ನೆತ್ತಿಯ ಮೇಲೆ ನಿಲ್ಲಿಸಿದರೆ ಅದು ಆ ನೆಲಕ್ಕೆ ಪರದೇಸಿಯೇ. ದೇಸಿ ಅನ್ನುವುದು ದೇಶದ ಮಾತಲ್ಲ, ಆ ಮರಡಿಯ ಮಾತು, ಆ ಹಳ್ಳದ ಮಾತು. ಇದು ತಿಳಿಯಲು ನನಗೆ ಎರಡು ಬಸ್ಸು ಗಿಡ ಕೊಲ್ಲಬೇಕಾಯಿತು.

ಇನ್ನೊಂದು ವರ್ಷ ಬಿಟ್ಟು ಒಬ್ಬನೇ ಹೋಗಿದ್ದೆ. ಒಣಗಿದ ಸಸಿಗಳನ್ನು ಸಾಲು ಹಿಡಿದು ಎಣಿಸುತ್ತ, ನಡುವೆ ಮನೆಯವಳ ಫೋನು ಬಂತೆಂದು ಕನ್ನಡದಲ್ಲಿ ಮಾತಾಡಿದೆ. ಹಿಂದಿನಿಂದ ದನಿ ಬಂತು.

"ಯಾವೂರ್ರಿ ಸಾಹೇಬ್ರ?"

ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಸುತ್ತ ಕರಿಕುರಿ ಹಿಂಡು. ಜತ್ತದ ಕಡೆಯ ಧನಗರರು, ಮನೆಮಾತು ಕನ್ನಡ, ಬೀರಪ್ಪನ ಒಕ್ಕಲು. ಜೇಜುರಿಯ ಖಂಡೋಬಾ ನಮ್ಮ ಮೈಲಾರಲಿಂಗನೇ ಆದ್ದರಿಂದ ದರ್ಶನವೂ ಆಯಿತು, ಮೇವೂ ಆಯಿತು ಎಂದು ಈ ದಾರಿ ಹಿಡಿದಿದ್ದರು. ನನ್ನ ಊರು ಕೇಳಿದ ಮೇಲೆ ಕೋಲು ಊರಿ ಕೂತರು.

"ಏನ್ ಎಣಸಾಕತ್ತೀರಿ?"

"ಗಿಡ ಎಣಸಾಕತ್ತೀನ್ರಿ ಅಣ್ಣಾರ. ನಾವ ಹಚ್ಚಿದ್ವಿ."

"ಹಾಂ, ಅವ್ರು ನೀವೇನು!" ಎಂದು ನಕ್ಕರು. "ಹಚ್ಚರಿ, ಬ್ಯಾಡ ಅನ್ನಂಗಿಲ್ಲ. ನೆರಳು ಕುರಿಗೂ ಬೇಕು, ನನಗೂ ಬೇಕು. ಆದ್ರ ಹುಲ್ಲಿನ ತಲಿಮ್ಯಾಲ ಹಚ್ಚಬ್ಯಾಡ್ರಿ. ಇಲ್ಲಿ ಮಾರವೇಲ್ ಇತ್ತು, ಕುರಿ ಕಣ್ಮುಚ್ಚಿ ತಿಂತಿದ್ವು. ಚರ ತೋಡಿದ್ರಿ, ಬೇರು ಮ್ಯಾಲ ಬಂತು, ಹೋತು."

ಆಮೇಲೆ ದೂರದಲ್ಲಿ ಕೊಡೆ ಬಿಚ್ಚಿದಂತೆ ನಿಂತಿದ್ದ ಒಂದು ಗಿಡ ತೋರಿಸಿದರು. ಮರಾಠಿಯ ಹಿವರ, ನಮ್ಮ ಬಿಳಿಜಾಲಿ. "ಅದನ್ನ ಯಾರು ಹಚ್ಚ್ಯಾರ ಹೇಳ್ರಿ?" ನನಗೇನು ಗೊತ್ತು. "ನನ್ನ ಕುರಿ ಹಚ್ಚ್ಯಾವ. ಕಾಯಿ ತಿಂತಾವ, ಹಿಕ್ಕಿ ಹಾಕ್ತಾವ, ಮಳಿಗಾಲಕ್ಕ ಏಳ್ತದ."

ಬೀಜ, ಗೊಬ್ಬರ, ಕೂಲಿ, ಎಲ್ಲ ಒಂದೇ ಕುರಿ. ಟೆಂಡರು ಬೇಕಿಲ್ಲ.

ಅವತ್ತಿನಿಂದ ನಾನು ಗಿಡ ನೋಡುವುದು ಬಿಟ್ಟು ಹುಲ್ಲು ನೋಡಲು ಹಿಡಿದೆ. ಇಲ್ಲಿ ಮೇಜಿನ ಮೇಲೆ ಒಂದು ಬಸಿ ಇಟ್ಟಿದ್ದೇನೆ, ಮಕ್ಕಳು ಮುಂದೆ ಬಂದು ನೋಡಬಹುದು. ಇದರಲ್ಲಿರುವುದು ಕುಸಳಿ ಹುಲ್ಲಿನ ಬೀಜ. ಕಾಲುಚೀಲಕ್ಕೆ ಚುಚ್ಚಿಕೊಂಡು ಮನೆಯವರೆಗೂ ಬರುತ್ತದಲ್ಲ, ಅದೇ ಪೀಡೆ. ಬೀಜದ ತುದಿ ಸೂಜಿಯಂತೆ, ಹಿಂದೆ ಬೆರಳುದ್ದದ ಕಪ್ಪು ಬಾಲ, ಹಗ್ಗ ಹೊಸೆದಂತೆ ಹುರಿಗೊಂಡಿದೆ. ಈಗ ಇದರ ಮೇಲೆ ಎರಡು ಹನಿ ನೀರು ಬಿಡುತ್ತೇನೆ. ಸ್ವಲ್ಪ ತಾಳಿ. ನೋಡಿದಿರಾ, ಬಾಲ ತಿರುಗುತ್ತಿದೆ, ಹುರಿ ಬಿಚ್ಚುತ್ತಿದೆ. ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ಇಬ್ಬನಿಗೆ ಬಿಚ್ಚಿ, ಬಿಸಿಲಿಗೆ ಹುರಿಗೊಂಡು, ಹೀಗೆ ತಿರುಗುತ್ತ ತಿರುಗುತ್ತ ಬೀಜ ತನ್ನನ್ನು ತಾನೇ ನೆಲಕ್ಕೆ ಕೊರೆದುಕೊಂಡು ಹೋಗುತ್ತದೆ. ಬೆಂಕಿ ಬಂದರೆ ಮೇಲಿನದು ಸುಡುತ್ತದೆ, ಕೊರೆದು ಒಳಗೆ ಕೂತದ್ದು ಉಳಿಯುತ್ತದೆ. ಡ್ರಿಲ್ಲಿಂಗ್ ಯಂತ್ರದ ಮುಂದೆ ಆಯುಷ್ಯ ಕಳೆದ ನಾನು ಇದಕ್ಕೆ ಕೈಮುಗಿದೆ.

ಇಂಥ ಯಂತ್ರ ನಿನ್ನೆ ಮೊನ್ನೆ ಆಗುವುದಲ್ಲ. ಬಿಸಿಲು ನಾಡಿನ ಹುಲ್ಲುಗಳು ಲಕ್ಷಾಂತರ ವರ್ಷ ಬೆಂಕಿ, ಬರ, ಗೊರಸು ಮೂರನ್ನೂ ಉಂಡು ಬೆಳೆದವು. ಕಾಡು ಕಡಿದ ಮೇಲೆ ಉಳಿದ ಬೋಳು ನೆಲವೇ ಹುಲ್ಲುಗಾವಲು ಎಂದು ನಾನೂ ತಿಳಿದಿದ್ದೆ, ನಮ್ಮ ಶಾಲೆಯ ಪುಸ್ತಕವೂ ಹಾಗೇ ಹೇಳಿತ್ತು. ಪುಣೆಯ ಪೂರ್ವಕ್ಕೆ ಅದು ನಿಜವಲ್ಲ. ಇಲ್ಲಿನ ವಿಜ್ಞಾನ ಸಂಸ್ಥೆ ಐಸರ್‌ನ ದಿಗ್ವಿಜಯ್ ಪಾಟೀಲ್ ಮತ್ತು ಅಮೆರಿಕದಲ್ಲಿರುವ ಆಶಿಷ್ ನೆರ್ಲೇಕರ್ ಸೇರಿ 2025ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳೆಯ ಮರಾಠಿ ಸಂತಚರಿತ್ರೆ, ಜನಪದ ಹಾಡು, ಕಥೆಗಳಲ್ಲಿ ಬರುವ ಗಿಡಮರಗಳ ಹೆಸರು ಹೆಕ್ಕಿ ನೋಡಿದರೆ, ಕನಿಷ್ಠ 750 ವರ್ಷದಿಂದ ಪಶ್ಚಿಮ ಮಹಾರಾಷ್ಟ್ರದ ಈ ನೆಲ ಬಯಲೇ ಆಗಿತ್ತು. ಅಲ್ಲಿ ಬಂದ ಹೆಸರುಗಳಲ್ಲಿ ಹೆಚ್ಚಿನವು ಬಯಲಿನ ಗಿಡಗಳದ್ದು. ನಮ್ಮ ಬೀರಪ್ಪನ ಡೊಳ್ಳಿನ ಹಾಡುಗಳನ್ನೂ ಯಾರಾದರೂ ಹೀಗೆ ಜಾಲಾಡಬೇಕು ಎಂಬ ಆಸೆ ನನಗೆ.

ಇನ್ನೂ ಹಿಂದಕ್ಕೆ ಹೋಗುತ್ತೀರಾ? 'ಜಂಗಲ್' ಅಂದಕೂಡಲೇ ನಮಗೆ ದಟ್ಟ ಕಾಡು ಕಣ್ಣಿಗೆ ಬರುತ್ತದೆ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಜಾಂಗಲ ದೇಶ ಅಂದರೆ ನೀರು ಕಡಿಮೆಯ, ಗಾಳಿ ಬಿಸಿಲು ಜೋರಾಗಿರುವ, ಎತ್ತ ನೋಡಿದರೂ ಆಕಾಶವೇ ಕಾಣುವ ನೆಲ. ಅಲ್ಲಿನ ಗಿಡ ಕಗ್ಗಲಿ, ಬನ್ನಿ, ಬೋರೆ. ಅಲ್ಲಿನ ಪ್ರಾಣಿ ಜಿಂಕೆ. ಜೌಗು ನೆಲಕ್ಕೆ ಆನೂಪ ಎಂಬ ಬೇರೆ ಹೆಸರೇ ಇದೆ. ಅಂದರೆ ನಮ್ಮ ಅವ್ವನ ಅಡವಿಯೇ ಆ ಗ್ರಂಥದ ಜಾಂಗಲ. ಇಂಗ್ಲಿಷಿನವರ ಬಾಯಿಗೆ ಬಿದ್ದು ಆ ಮಾತು ತಲೆಕೆಳಗಾಯಿತು.

ನೆಲದ ಹೆಸರನ್ನೂ ಅವರೇ ಕೆಡಿಸಿದರು. ಕಂದಾಯ ಹುಟ್ಟದ ಭೂಮಿಯೆಲ್ಲ ಪಾಳು ಎಂದು ಬರೆದರು. ಹೊಲದ ದಾಖಲೆಯಾದ ಉತಾರದಲ್ಲಿ ಇವತ್ತಿಗೂ 'ಖರಾಬು' ಎಂದಿರುತ್ತದೆ. ಖರಾಬು ಅಂದಮೇಲೆ ಅದನ್ನು ಸುಧಾರಿಸಲು ಯಾರಾದರೂ ಬರಲೇಬೇಕಲ್ಲ? ಕಛ್‌ನಲ್ಲಿ ಬನ್ನಿ ಎಂಬ ದೊಡ್ಡ ಹುಲ್ಲುಗಾವಲಿದೆ. ನಮ್ಮ ದಸರೆಯ ಬನ್ನಿಯಲ್ಲ, ಆ ಸೀಮೆಯ ಹೆಸರು. ರಣದ ಉಪ್ಪು ಮುಂದೆ ಬರದಿರಲಿ ಎಂದು 1961ರಲ್ಲಿ ಅಲ್ಲಿ 31,550 ಹೆಕ್ಟೇರಿಗೆ ಬಳ್ಳಾರಿ ಜಾಲಿ ಬಿತ್ತಿದರು. ಉಪ್ಪಿನ ಮಾತು ಹಾಗಿರಲಿ, ಜಾಲಿ ಹಬ್ಬಿತು, ಹುಲ್ಲು ಹಿಂದೆ ಸರಿಯಿತು. ಎಮ್ಮೆ ಸಾಕಿ ಬದುಕಿದ ಮಾಲ್ಧಾರಿಗಳು ಇವತ್ತು ಆ ಜಾಲಿಯನ್ನೇ ಸುಟ್ಟು ಇದ್ದಿಲು ಮಾರುತ್ತಾರೆ.

ಅಷ್ಟು ದೂರ ಯಾಕೆ, ನಮ್ಮ ರಾಣೆಬೆನ್ನೂರು ತೆಗೆದುಕೊಳ್ಳಿ. 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ, 1974ರದ್ದು. ಅಲ್ಲಿ ಎರ್ಲಡ್ಡು ಇರುತ್ತಿತ್ತು, ಇಲ್ಲಿಯವರು ಮಾಳಢೋಕ ಅನ್ನುವ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುವ ಹಕ್ಕಿ. ಸೊಂಟದೆತ್ತರ ನಿಲ್ಲುವ ಹಕ್ಕಿ ಅದು, ನಾಲ್ಕೂ ದಿಕ್ಕು ಕಾಣದಿದ್ದರೆ ಅದಕ್ಕೆ ಜೀವ ನಿಲ್ಲುವುದಿಲ್ಲ. ಆ ಹುಲ್ಲಿನ ಮೇಲೆ ನೀಲಗಿರಿ ನೆಟ್ಟರು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಎರ್ಲಡ್ಡು ಹೊಂದಿಕೊಳ್ಳಲಿಲ್ಲ. ಬೇಟೆಯೂ ಇತ್ತು, ಎಲ್ಲ ಪಾಪವನ್ನೂ ನೀಲಗಿರಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಕಣ್ಣು ಕಟ್ಟಿದ ಮೇಲೆ ಆ ಹಕ್ಕಿ ಅಲ್ಲಿ ಯಾಕೆ ಇರಬೇಕು? ದೇಶದಲ್ಲಿ ಈಗ ಉಳಿದಿರುವುದು 150ರ ಆಸುಪಾಸು, ಬಹುತೇಕ ಎಲ್ಲವೂ ರಾಜಸ್ಥಾನದಲ್ಲಿ. ಸೋಲಾಪುರದ ನಾನಜಿನಲ್ಲಿ ಅದಕ್ಕೆಂದೇ 1979ರಲ್ಲಿ ಅಭಯಾರಣ್ಯ ಮಾಡಿದರು. ಫಲಕ ಗಟ್ಟಿಯಾಗಿದೆ.

ಇನ್ನು ಇಂಗಾಲ. ಇದು ನನಗೆ ಇಷ್ಟದ ಭಾಗ, ಲೆಕ್ಕ ಇದೆ.

ಗಿಡದ ಒಣ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಕಿಲೋ ಇಂಗಾಲ ಅಂದರೆ ಗಾಳಿಯಿಂದ ತೆಗೆದ 3.67 ಕಿಲೋ ಇಂಗಾಲದ ಡೈಆಕ್ಸೈಡ್. ಹನ್ನೆರಡಕ್ಕೆ ನಲವತ್ತನಾಲ್ಕು, ಹೈಸ್ಕೂಲಿನ ರಸಾಯನಶಾಸ್ತ್ರ. ಮುರುಮು ನೆಲದಲ್ಲಿ ಒಂದು ಗಿಡ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದು ನೂರು ಕಿಲೋ ಒಣ ಕಟ್ಟಿಗೆ ಕಟ್ಟಿತು ಎನ್ನಿ. ಐವತ್ತು ಕಿಲೋ ಇಂಗಾಲ, ಸುಮಾರು 180 ಕಿಲೋ ಡೈಆಕ್ಸೈಡ್. ಈಗ ನಿಮ್ಮ ಕಾರು. ಪುಣೆಯಿಂದ ಮುಂಬೈಗೆ ಹೋಗಿ ಬಂದರೆ 300 ಕಿಲೋಮೀಟರು, ಲೀಟರಿಗೆ ಹದಿನೈದರಂತೆ 20 ಲೀಟರ್ ಪೆಟ್ರೋಲು. ಒಂದು ಲೀಟರ್ ಉರಿದರೆ 2.3 ಕಿಲೋ ಡೈಆಕ್ಸೈಡ್. ಒಟ್ಟು 46 ಕಿಲೋ. ನಾಲ್ಕು ಸಲ ಹೋಗಿಬನ್ನಿ, ಆ ಗಿಡದ ಇಪ್ಪತ್ತು ವರ್ಷದ ದುಡಿಮೆ ಖರ್ಚಾಯಿತು. ಅದೂ ಲೋಣಾವಳಾದಲ್ಲಿ ಚಿಕ್ಕಿಗೆಂದು ಸುತ್ತು ಹೊಡೆಯದಿದ್ದರೆ.

ಅದಕ್ಕೇ ಗಿಡ ಹಚ್ಚಬೇಡಿ ಎಂದಲ್ಲ. ಹಚ್ಚಿದ ಗಿಡವನ್ನು ಪಾಪ ತೊಳೆಯುವ ಗಂಗೆ ಮಾಡಬೇಡಿ ಎಂದಷ್ಟೇ.

ಹುಲ್ಲಿನ ಲೆಕ್ಕ ಬೇರೆ. ಗಿಡ ತನ್ನ ಆಸ್ತಿಯನ್ನು ತಲೆಯ ಮೇಲೆ ಹೊತ್ತು ನಿಲ್ಲುತ್ತದೆ, ಬೆಂಕಿ ಬಿದ್ದರೆ, ಕೊಡಲಿ ಬಿದ್ದರೆ ಹೋಯಿತು. ಹುಲ್ಲು ನಮ್ಮ ಅಜ್ಜಿಯಂತೆ, ಗಂಟು ನೆಲದಲ್ಲಿ ಹುಗಿದಿಡುತ್ತದೆ. ಅದರ ಇಂಗಾಲದ ಬಹುಪಾಲು ಬೇರಿನಲ್ಲಿ, ಮಣ್ಣಿನಲ್ಲಿ. ಮೇಲಿನದು ಸುಟ್ಟರೂ ಕೆಳಗಿನದು ಹಾಗೇ ಇರುತ್ತದೆ. ಅಂಥ ಮಣ್ಣನ್ನು ಜೆಸಿಬಿ ಬಗೆದು ಬಿಸಿಲಿಗೆ ಹಾಕಿದರೆ ಹುಗಿದಿಟ್ಟದ್ದು ಗಾಳಿಗೆ ಹೋಗುತ್ತದೆ. ಇಂಗಾಲ ಹಿಡಿಯಲು ಹೋದವರು ಮೊದಲ ದಿನವೇ ಇಂಗಾಲ ಬಿಟ್ಟು ಬಂದ ಹಾಗಾಯಿತು. ಅದನ್ನು ಯಾರೂ ಅಳೆಯುವುದಿಲ್ಲ. ಯಾಕೆಂದರೆ ಗಿಡದ ಇಂಗಾಲ ಅಳೆಯುವುದು ಎದೆಮಟ್ಟದಲ್ಲಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ. ಹುಲ್ಲಿಗೆ ಎದೆಯೇ ಇಲ್ಲ, ಟೇಪು ಸುತ್ತುವುದೆಲ್ಲಿ?

ನೀರಿನ ಮಾತು ಬೇರೆ ಇದೆ. 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಜಗತ್ತಿನ ಬೇರೆ ಬೇರೆ ಕಡೆ ನೆಡುತೋಪು ಹಾಕಿದ ಜಲಾನಯನಗಳನ್ನು ನೋಡಿತು. ಹೊಳೆಹಳ್ಳಗಳ ಹರಿವು ಸರಾಸರಿ 52 ಶೇಕಡಾ ಇಳಿದಿತ್ತು. 13 ಶೇಕಡಾ ಹಳ್ಳಗಳು ಕನಿಷ್ಠ ಒಂದು ವರ್ಷ ಪೂರ್ತಿ ಬತ್ತಿದ್ದವು. ಪುಣೆಯ ಪೂರ್ವಕ್ಕಿರುವ ಇಂದಾಪುರ, ಬಾರಾಮತಿಯ ಬಯಲಿನಲ್ಲಿ ಬೀಳುವುದೇ 500 ಮಿಲಿಮೀಟರಿನ ಅಕ್ಕಪಕ್ಕ. ಅದರಲ್ಲಿ ಕುಡಿಯುವುದು ಯಾರು, ಗಿಡವೋ ಬಾವಿಯೋ?

ಇಷ್ಟಿದ್ದರೂ ಆಕಾಶದಿಂದ ನೋಡುವವರಿಗೆ ಬಯಲೆಲ್ಲ ಖಾಲಿ ಸೀಟಿನಂತೆ ಕಾಣುತ್ತದೆ. 2019ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬಂತು. ಜಗತ್ತಿನಲ್ಲಿ ಇನ್ನೂ 90 ಕೋಟಿ ಹೆಕ್ಟೇರಿಗೆ ಮರ ಹಾಕಲು ಜಾಗವಿದೆ, 205 ಶತಕೋಟಿ ಟನ್ ಇಂಗಾಲ ಹಿಡಿಯಬಹುದು ಎಂದು. ಎಲ್ಲ ಪತ್ರಿಕೆಯಲ್ಲೂ ತಲೆಬರಹವಾಯಿತು. ಆ ಜಾಗದಲ್ಲಿ ಎಷ್ಟೋ ಭಾಗ ಹಳೆಯ ಹುಲ್ಲುಗಾವಲು, ಲೆಕ್ಕವೂ ಉಬ್ಬಿದೆ ಎಂದು ಹತ್ತಾರು ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ಬರೆದರು. ಅದು ತಲೆಬರಹವಾಗಲಿಲ್ಲ. ನಮ್ಮ ಮಹಾರಾಷ್ಟ್ರದಲ್ಲಿ 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ, ಒಟ್ಟು 50 ಕೋಟಿ ಗಿಡದ ಗುರಿ ಹಾಕಿಕೊಂಡಿದ್ದರು. ಗಿಡ ಹಚ್ಚಿದವರಿಗೆ ಕ್ರೆಡಿಟ್ ಕೊಡುವ ಕೇಂದ್ರದ ಹಸಿರು ಕ್ರೆಡಿಟ್ ಯೋಜನೆಯ 2024ರ ಫೆಬ್ರವರಿಯ ನಿಯಮ ಹೆಕ್ಟೇರಿಗೆ ಕನಿಷ್ಠ 1,100 ಗಿಡ ಎಂದಿತ್ತು. ಆಮೇಲೆ ಆ ನಿಯಮ ಬದಲಾಯಿತು, ಆದರೆ ಆ ಅಂಕಿಯನ್ನೊಮ್ಮೆ ನೆಲದ ಮೇಲೆ ಇಟ್ಟು ನೋಡಿ. ಮೂರು ಮೀಟರಿಗೊಂದು ಗಿಡ. ಈ ಸಭಾಗೃಹದ ಕುರ್ಚಿ ಸಾಲುಗಳ ನಡುವೆ ಬಯಲಿನ ಸಣ್ಣ ಹುಲ್ಲೆ ಚಿಂಕಾರ ಓಡಬಹುದೇ? ತೋಳ ಓಡಬಹುದೇ? ದೇಶದಲ್ಲಿ ನಮ್ಮ ತೋಳ ಇರುವುದೇ ಸುಮಾರು 3,000, ಹುಲಿಗಿಂತ ಕಡಿಮೆ. ಅದರ ಮನೆ ಕಾಡಲ್ಲ, ಇಂದಾಪುರದ ಕಡಬನವಾಡಿಯಂಥ ಹುಲ್ಲು ಬಯಲು. ಸೂಪೆಯ ಬಳಿ ಮಯೂರೇಶ್ವರ ಅಭಯಾರಣ್ಯವಿದೆ, ಐದು ಚದರ ಕಿಲೋಮೀಟರಿನ ಪುಟ್ಟ ಜಾಗ. ಬೆಳಿಗ್ಗೆ ಏಳಕ್ಕೆ ಹೋಗಿ, ಚಿಂಕಾರ ಕಾಣುತ್ತವೆ. ಅವಕ್ಕೆ ನಿಮ್ಮ ನೆರಳು ಬೇಕಿಲ್ಲ.

ಹಾಗಾದರೆ ಎಲ್ಲಿ ಹಚ್ಚಬೇಕು? ಹಚ್ಚುವ ಮುಂಚೆ ಆ ನೆಲ ಎಂದಾದರೂ ಕಾಡಾಗಿತ್ತೇ ಎಂದು ವಿಚಾರಿಸಬೇಕು. ಆಗಿದ್ದರೆ ಹಚ್ಚಿ, ಎಷ್ಟಾದರೂ ಹಚ್ಚಿ. ಇಲ್ಲದಿದ್ದರೆ ಗುದ್ದಲಿ ಕೆಳಗಿಡಿ. ಪುಣೆ ಜಿಲ್ಲೆಯ ಮಟ್ಟಿಗೆ ಈ ವಿಚಾರಣೆ ಸುಲಭ. ಪಶ್ಚಿಮದಲ್ಲಿ ತಾಮ್ಹಿಣಿ ಘಾಟ, ಮಳೆ 5,000 ಮಿಲಿಮೀಟರಿಗೂ ಹೆಚ್ಚು. ಪುಣೆ ಊರಲ್ಲಿ 700 ಚಿಲ್ಲರೆ. ಪೂರ್ವಕ್ಕೆ ಇಂದಾಪುರದಲ್ಲಿ ನಾನು ಆಗಲೇ ಹೇಳಿದಷ್ಟು. ಕಾರಿನಲ್ಲಿ ನಾಲ್ಕು ತಾಸಿನ ದಾರಿಯಲ್ಲಿ ಮಳೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಒಂದೇ ಸಸಿಯ ಪಟ್ಟಿ ಹಿಡಿದು ಇಡೀ ಜಿಲ್ಲೆಗೆ ಹೊರಟರೆ ಹೇಗೆ?

ಮಳೆ ಒಂದು ಸುಳಿವು. ನೆಲವೂ ಸುಳಿವು ಕೊಡುತ್ತದೆ. ಗುಡ್ಡಕ್ಕೆ ಬೆಂಕಿ ಬಿದ್ದ ಮೇಲೆ, ಮೊದಲ ಮಳೆಗೆ, ಎಲೆಗಿಂತ ಮುಂಚೆ ಹೂ ಏಳುತ್ತದೆಯೇ? ಕಾಡೀರುಳ್ಳಿಯಂಥ ಗಡ್ಡೆ ಗಿಡಗಳು, ಲಾಂದ್ರದ ಆಕಾರದ ಹೂ ಬಿಡುವ ಸೆರೋಪೀಜಿಯಾ ಬಳ್ಳಿಗಳು ಇವೆಯೇ? ಇದ್ದರೆ ಅದು ಹಳೆಯ ಬಯಲು. ನೆಲದೊಳಗೆ ಗಂಟು ಕಟ್ಟಿಕೊಂಡು ಬದುಕುವ ಗಿಡಗಳಿಗೆ ನೆರಳು ಆಗದು. ಬದಲಿಗೆ ಕಂಟಿಯ ನಡುವೆ ಕಡಿದ ಮತ್ತಿಯ ಬೊಡ್ಡೆ ಚಿಗುರುತ್ತಿದೆಯೇ, ಹತ್ತಿರದಲ್ಲಿ ದೇವರಾಯಿ ಇದೆಯೇ? ಹಾಗಿದ್ದರೆ ಅದು ಕಳೆದುಹೋದ ಕಾಡು. ದೇವರಾಯಿ ಅಂದರೆ ನಮ್ಮ ದೇವರಕಾಡು. ಪುಣೆಯವರೇ ಆದ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ 1970ರ ದಶಕದಲ್ಲಿ ಇಂಥ ಬನಗಳನ್ನು ಊರೂರು ಸುತ್ತಿ ದಾಖಲಿಸಿದರು. ಸುತ್ತಲ ಗುಡ್ಡ ಬೋಳಾಗಿದ್ದರೂ ದೇವರ ಹೆದರಿಕೆಗೆ ಉಳಿದ ಎರಡೆಕರೆ ಬನ, ಆ ಗುಡ್ಡ ಮೊದಲು ಹೇಗಿತ್ತೆಂದು ಹೇಳುವ ಸಾಕ್ಷಿ.

ಪಶ್ಚಿಮಕ್ಕೆ ಮುಳಶಿ, ಭೋರದ ಕಡೆ ಇಂಥ ಗುಡ್ಡ ಬೇಕಾದಷ್ಟಿವೆ. ಭತ್ತದ ಸಸಿಮಡಿ ಸುಡಲು ಟೊಂಗೆ ಕಡಿದು, ಇದ್ದಿಲಿಗೆ ಕಡಿದು, ಆಮೇಲೆ ದನ ಬಿಟ್ಟು ಹುಲ್ಲಾದವು. ಅಲ್ಲಿ ಗಿಡ ಬೇಕು. ನಾನೀಗ ಹೋಗುವುದು ಅಲ್ಲಿಗೇ. ಮೊದಲ ಎರಡು ವರ್ಷ ನಾವು ಒಂದೂ ಸಸಿ ಹಚ್ಚಲಿಲ್ಲ. ಊರವರ ಜೊತೆ ಕೂತು ಮೇವಿಗೆ ಯಾವ ಗುಡ್ಡ ಬಿಡುವುದು, ಯಾವುದಕ್ಕೆ ಚರಾಯಿಬಂದಿ ಹಾಕುವುದು ಎಂದು ತೀರ್ಮಾನಿಸಿಕೊಂಡೆವು, ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಕಡಿದೆವು. ಅಷ್ಟಕ್ಕೇ ಹಳೆಯ ಬೊಡ್ಡೆಗಳು ಎದ್ದವು, ಹಕ್ಕಿ ತಂದ ಬೀಜ ಮೊಳೆಯಿತು. ಖಾಲಿ ಉಳಿದ ಜಾಗಕ್ಕೆ ಮಾತ್ರ ಅದೇ ದೇವರಾಯಿಯ ಬೀಜದಿಂದ ಎಬ್ಬಿಸಿದ ಸಸಿ, ಮತ್ತಿ, ಅಳಲೆ, ತಾರೆ, ಹಳ್ಳದ ಪಕ್ಕ ಅದೇ ನಮ್ಮ ನೇರಳೆ. ಅಲ್ಲಿ ಅದು ಸಾಯಲಿಲ್ಲ. ಬೀಜದುಂಡೆ ಎಸೆಯುವ ಕಾರ್ಯಕ್ರಮಕ್ಕೆ ನನ್ನನ್ನು ಕರೆಯಬೇಡಿ. ಮಕ್ಕಳಿಗೆ ಆಟ ಚೆನ್ನಾಗಿರುತ್ತದೆ, ಇರುವೆಗಳಿಗೆ ಊಟ.

ಪೂರ್ವದ ಬಯಲಿನಲ್ಲಿ ಗಿಡವೇ ಬೇಡವೇ ಎಂದರೆ, ಬೇಕು, ಅಲ್ಲಿಯ ಲೆಕ್ಕದಲ್ಲಿ. ಬಿಳಿಜಾಲಿ, ಬನ್ನಿ, ಬೋರೆ, ಮುತ್ತುಗ. ಎಕರೆಗೆ ಹತ್ತು ಹನ್ನೆರಡು ಸಾಕು, ಇದು ನನ್ನ ಅಂದಾಜು. ಚರ ತೋಡದೆ, ಸುತ್ತ ಮುಳ್ಳು ಇಟ್ಟು. ನಾವು ದಸರೆಗೆ "ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣು" ಅನ್ನುತ್ತೇವೆ, ಇಲ್ಲಿಯವರು ಆಪ್ಟಾ ಎಲೆ ಕೊಟ್ಟು ಸೋನ ಅನ್ನುತ್ತಾರೆ. ಎರಡೂ ಒಣನೆಲದ ಗಿಡ. ಇಬ್ಬರ ಹಿರಿಯರಿಗೂ ಬಂಗಾರ ಕಂಡದ್ದು ಬಯಲಿನಲ್ಲಿ. ಮಂಡಯಿ ಮಾರುಕಟ್ಟೆಯಲ್ಲಿ ಆಪ್ಟಾದ ಟೊಂಗೆ ಟೊಂಗೆಯೇ ರಾಶಿ ಬೀಳುವುದನ್ನು ನೋಡಿದರೆ ಆ ಬಂಗಾರ ಎಷ್ಟು ದಿನ ಉಳಿದೀತೋ.

ಕಾರ್ಬನ್ ಕ್ರೆಡಿಟ್ ಬಗ್ಗೆ ಎರಡೇ ಮಾತು. ಒಂದು ಕ್ರೆಡಿಟ್ ಅಂದರೆ ಗಾಳಿಯಿಂದ ತೆಗೆದ, ಇಲ್ಲವೇ ಗಾಳಿಗೆ ಬಿಡದೆ ಉಳಿಸಿದ ಒಂದು ಟನ್ ಡೈಆಕ್ಸೈಡ್, ಹೊಗೆ ಬಿಡುವವರು ತಮ್ಮ ಹೊಗೆಗೆ ಬದಲಾಗಿ ಅದನ್ನು ಕೊಳ್ಳುತ್ತಾರೆ. ಗಾಯರಾಣಕ್ಕೆ ಬೇಲಿ ಹಾಕಿ ಕ್ರೆಡಿಟ್ ಮಾರಿದರೆ ಕುರಿ ಮಾಯವಾಗುವುದಿಲ್ಲ, ಪಕ್ಕದ ಊರಿನ ಗುಡ್ಡ ಮೇಯುತ್ತವೆ. ಇಲ್ಲಿ ಕೂಡಿಸಿದ್ದು ಅಲ್ಲಿ ಕಳೆಯಿತು. ಮತ್ತೆ, ಗಾಯರಾಣ ಯಾರದು? ಊರಿನ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಅಲೆಮಾರಿ ಪಶುಪಾಲಕರ ಮೇವಿನ ಹಕ್ಕೂ ಇದೆ. 2026 ವಿಶ್ವಸಂಸ್ಥೆಯ ಲೆಕ್ಕದಲ್ಲಿ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷ. ಜತ್ತದ ಆ ಅಣ್ಣಾರಿಗೆ ಇದನ್ನು ಯಾರೂ ತಿಳಿಸಿರಲಾರರು. ಅವರ ಹೆಬ್ಬೆಟ್ಟು, ಅವರ ಮಾತು ಇಲ್ಲದ ಒಪ್ಪಂದಕ್ಕೆ ನೀವು ಸಾಕ್ಷಿ ಹಾಕಬೇಡಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಕೋಥರೂಡಿನ ಒಬ್ಬ ತಾಯಿ ಎದ್ದು, "ನಮ್ಮ ಸೊಸೈಟಿ ಹುಡುಗ್ರು ಜುಲೈದಾಗ ಗಿಡ ಹಚ್ಚಾಕ ಹೊಂಟಾರ್ರಿ. ಬ್ಯಾಡ ಅನ್ನಲೇನು?" ಎಂದು ಕೇಳಿದರು. ಬ್ಯಾಡ ಅನ್ನಬೇಡ್ರಿ ಅವ್ವಾರ, ಜುಲೈ ಬಿಟ್ಟು ಅಕ್ಟೋಬರದಾಗ ಒಮ್ಮೆ ಆ ಜಾಗಕ್ಕೆ ಬರಿಗೈಲೆ ಕಳಸ್ರಿ, ಕಾಲುಚೀಲಕ್ಕ ಏನೇನು ಅಂಟಿಕೊಂಡು ಬರ್ತದ ನೋಡ್ಕೊಂಡು ಬರಲಿ ಅಂದೆ.

ಕೊನೆಗೆ ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗ. ಅವನದು ನಿಜವಾದ ಕಷ್ಟ. "ಸರ್, ಗಿಡ ಹಚ್ಚಿದ್ರೆ ಎಣಿಸಿ ವರದಿ ಕೊಡ್ತೀವಿ, ಫೋಟೋ ಹಾಕ್ತೀವಿ. ಹುಲ್ಲು ಇದ್ದ ಹಾಗೇ ಬಿಟ್ಟಿದ್ದೀವಿ ಅಂದ್ರೆ ದುಡ್ಡು ಯಾರು ಕೊಡ್ತಾರೆ? ಫೋಟೋದಲ್ಲಿ ಏನು ತೋರಿಸೋದು?"

ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಕುರಿ ತೋರಸ್ರಿ!"